ಪಂಚಮಿಗೆ ಹೋದ ದೋಣಿ

ಐನಾಪುರ
6 ಡಿಸೆಂಬರ್ 1987

ಧಾರವಾಡದಲ್ಲಿ ಹಳೆಯ ಗಡಿಗೆ ಮಡಕೆಗಳ ನಡುವೆ ಕೂತಿರುವ ನಮ್ಮ ಜಿನಮತಿಗೆ, ಐನಾಪುರದಲ್ಲಿ ಇನ್ನೂ ಹೊಸದಾಗಿಯೇ ಇರುವ ಆಬಾಸಾಹೇಬ ಕಾಕಾ ಬರೆಯುವುದು.

ನಿನ್ನ ಕಾರ್ಡು ಬಂತು. ಪೋಸ್ಟ್‌ಮನ್ ಓದಿಯೇ ಕೊಟ್ಟಿದ್ದರಿಂದ ನನಗಿಂತ ಮೊದಲು ಅರ್ಧ ಊರಿಗೆ ವಿಷಯ ತಿಳಿದಿತ್ತು: ನಿಮ್ಮ ವಸ್ತು ಸಂಗ್ರಹಾಲಯದಲ್ಲಿ ಹೊಳೆಯ ಸಾಮಾನಿಗೆಂದೇ ಒಂದು ಕೋಣೆ ಮಾಡುತ್ತಿದ್ದಾರೆ, ಅದಕ್ಕೊಂದು ಹಳೆಯ ದೋಣಿ ಬೇಕು, ನಮ್ಮ ದನದ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿರುವುದು ನಿನಗೆ ನೆನಪಾಗಿದೆ.

ಬಿದ್ದಿದೆ ಎನ್ನಬೇಡ ಮಗಳೇ. ವಿಶ್ರಾಂತಿ ತೆಗೆದುಕೊಳ್ಳುತ್ತಿದೆ. ಅದು ಪಟ್ಟ ಶ್ರಮ ಅಂಥದ್ದು. ಒಂದೇ ದಿಮ್ಮಿ ಕೊರೆದು ಮಾಡಿದ್ದು, ಎಲ್ಲಿಯೂ ಜೋಡಣೆ ಇಲ್ಲ. ಮಾಡಿಸಿದವನು ನನ್ನ ಮುತ್ತಜ್ಜ. ಒಂದು ಮಳೆಗಾಲ ಕೃಷ್ಣೆ ಎರಡೂ ದಂಡೆ ತುಂಬಿ ಹರಿಯುವಾಗ ಒಬ್ಬ ಮಹಾರಾಜರು ಬೇಟೆಗೆ ಬಂದು ಆಚೆ ದಂಡೆಯಲ್ಲಿ ಸಿಕ್ಕಿಕೊಂಡರು. ಅಂಬಿಗರೆಲ್ಲ ಕೈ ಚೆಲ್ಲಿದರು. ಮುತ್ತಜ್ಜ ಒಬ್ಬನೇ ಹೋಗಿ ಮಹಾರಾಜರನ್ನು, ಅವರ ಕುದುರೆಯನ್ನು, ಎರಡು ಬೇಟೆನಾಯಿಗಳನ್ನು ಕೂರಿಸಿಕೊಂಡು ಬಂದ. ನಡುಹೊಳೆಯಲ್ಲಿ ಶತ್ರುಗಳು ತೋಪು ಹಾರಿಸಿದರು. ದೋಣಿಯ ಹೊಟ್ಟೆಯಲ್ಲಿ ಉದ್ದಕ್ಕೂ ಒಂದು ಬಿರುಕಿದೆಯಲ್ಲ, ಅದೇ ಆ ತೋಪಿನ ಗುರುತು. ದಂಡೆಗೆ ಇಳಿದ ಮೇಲೆ ಮಹಾರಾಜರು ತಮ್ಮ ಎದೆಯ ಮೇಲಿನ ಪದಕ ಕಿತ್ತು ದೋಣಿಯ ಮೂತಿಗೆ ಬಡಿದು ಹೋದರು. ಪದಕ ಇಂದಿಗೂ ಇದೆ. ಅದರ ಸುತ್ತ ಅರಮನೆಯವರು ಹಚ್ಚಿಸಿದ ಕೆಂಪು ಬಣ್ಣವೂ ಇದೆ. ನಾಲ್ಕನೆಯ ಇಯತ್ತೆ ಓದಿದವನ ಮಾತು ಎಂದು ತೆಗೆದು ಹಾಕಬೇಡ. ಬಂದು ಕೈಯಿಂದ ಮುಟ್ಟಿ ನೋಡು.

ನನಗೆ ಬೇರೇನೂ ಬೇಡ. ದೋಣಿಯ ಮುಂದೆ ಒಂದು ಫಲಕ ಬೇಕು. 'ಐನಾಪುರದ ಆಬಾಸಾಹೇಬ ಮಗದುಮ್ ಇವರ ಮನೆತನದ ದೋಣಿ.' ಅಕ್ಷರ ಎಷ್ಟು ದೊಡ್ಡದಿರಬೇಕೆಂದರೆ, ಕೋಣೆಯ ಬಾಗಿಲಲ್ಲಿ ನಿಂತು ಚಷ್ಮಾ ಇಲ್ಲದೆ ಓದಲು ಬರಬೇಕು.

ಬೇಗ ಮಾಡು. ನಿನ್ನ ಕಾಕು ತಾರಾಬಾಯಿಯ ಎಮ್ಮೆ ಗಬ್ಬವಾಗಿದೆ. ನಿನ್ನೆ ನಮ್ಮ ಮನೆಯವಳ ಹುಕುಂ ಹೊರಟಿತು: "ಶ್ರಾವಣದಾಗ ಎಮ್ಮಿ ಈಯತೈತಿ. ಅಷ್ಟರಾಗ ಆ ಕಟ್ಟಿಗಿ ಅಲ್ಲಿಂದ ಎದ್ದಿರಬೇಕು. ಧಾರವಾಡಕ್ಕರೆ ಹೋಗಲಿ, ಅಥಣಿ ಕಟ್ಟಿಗಿ ಅಡ್ಡೆಗರೆ ಹೋಗಲಿ, ನನಗ ಅದರದೇನೂ ಇಲ್ಲ." ಅವಳು ಅಂದದ್ದನ್ನು ಮಾಡುವವಳು, ನಿನಗೆ ಗೊತ್ತು.

ಈ ಸಲವೂ ಪಂಚಮಿಗೆ ನೀನು ಬರಲಿಲ್ಲ. ರಜೆ ಇಲ್ಲ ಎಂದು ಬರೆದಿದ್ದೆ. ಇರಲಿ. ಅಣ್ಣ ಅತ್ತಿಗೆ ಹೋದ ಮೇಲೆ ಈ ಮನೆಯೇ ನಿನ್ನ ತವರು. ನಿಪ್ಪಾಣಿಯವರು ನಿನ್ನ ಮದುವೆಯ ನಿಶ್ಚಯ ಮುರಿದ ಸುದ್ದಿಯನ್ನು ಊರು ಎಂದೋ ಮರೆತಿದೆ. ಮರೆಯದವರ ಜೊತೆ ನಾನು ಮಾತಾಡುವುದಿಲ್ಲ.

ನಿನ್ನ ಕಾಕಾ,
ಆಬಾಸಾಹೇಬ

*

ಧಾರವಾಡ
18 ಡಿಸೆಂಬರ್ 1987

ಪ್ರೀತಿಯ ಕಾಕಾ, ಜೈ ಜಿನೇಂದ್ರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಕುದುರೆಯನ್ನು ಎಲ್ಲಿ ನಿಲ್ಲಿಸಿದ್ದರು ಎಂದು ಯೋಚಿಸಿದೆ. ನನಗೆ ನೆನಪಿರುವಂತೆ ಆ ದೋಣಿಯಲ್ಲಿ ನಾವು ಮಕ್ಕಳು ನಾಲ್ವರು ಕೂತರೆ ಐದನೆಯವರು ಅಳುತ್ತಿದ್ದರು.

ನಮ್ಮ ಸಾಹೇಬರು ಬಹಳ ಕಟ್ಟುನಿಟ್ಟು. ಯಾರು ಮಾಡಿಸಿದ್ದು, ಯಾತಕ್ಕೆ, ನಿಮ್ಮ ಮನೆಗೆ ಹೇಗೆ ಬಂತು ಎಂಬುದು ಗೊತ್ತಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಬರೀ ಸೌದೆ. ಹೊಳೆಯ ಕೋಣೆಯ ಜವಾಬ್ದಾರಿಯನ್ನು ಮೊದಲ ಸಲ ನನಗೆ ಕೊಟ್ಟಿದ್ದಾರೆ, ನಾನು ತಪ್ಪುವ ಹಾಗಿಲ್ಲ. ಆದ್ದರಿಂದ ದಯವಿಟ್ಟು ಮೂರು ಕೆಲಸ ಮಾಡಿ. ಮರ ಯಾವುದೆಂದು ಬಡಿಗೇರನಿಗೆ ತೋರಿಸಿ. ಪದಕದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅದರ ಅಚ್ಚು ಕಳಿಸಿ. ಕೆಂಪು ಬಣ್ಣದ ಒಂದು ಚೂರು ಕೆರೆದು ಪೊಟ್ಟಣ ಕಟ್ಟಿ ಕಳಿಸಿ.

ಇನ್ನೊಂದು. ಚಿಕ್ಕವಳಿದ್ದಾಗ ಆ ದೋಣಿಯನ್ನು ಮನೆಯಲ್ಲಿ ಎಲ್ಲರೂ 'ಸೊಸಿ' ಎನ್ನುತ್ತಿದ್ದಿರಿ. "ಸೊಸಿ ಮ್ಯಾಲ ಕಾಲ ಇಡಬ್ಯಾಡ್ರಿ" ಎಂದು ನಿಮ್ಮ ಅವ್ವ, ನಮ್ಮ ಆಯಿ, ಬೈಯುತ್ತಿದ್ದಳು. ಯಾಕೆ?

ಪಂಚಮಿಗೆ ನಿಜವಾಗಿಯೂ ರಜೆ ಸಿಗಲಿಲ್ಲ ಕಾಕಾ. ಕಾಕುಗೆ ನಮಸ್ಕಾರ ಹೇಳಿ.

ಜಿನಮತಿ

*

ಐನಾಪುರ
10 ಜನವರಿ 1988

ಕಾಕಾನ ಮಾತಿಗೆ ಸಾಕ್ಷಿ ಕೇಳುವ ಜಿನಮತಿಗೆ,

ಕುದುರೆ ಈಜಿಕೊಂಡು ಬಂತು. ಲಗಾಮನ್ನು ಮಹಾರಾಜರೇ ಹಿಡಿದಿದ್ದರು. ಇಷ್ಟು ಬಿಡಿಸಿ ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಬಡಿಗೇರ ಬಂದು ಉಗುರಿನಿಂದ ಕೆರೆದು, ಮೂಸಿ, "ಇದು ಮಾವು" ಎಂದ. ಸಾಗವಾನಿ ಇರಬೇಕು ಎಂದೆ. "ಸಾಹುಕಾರ್ರ, ನೀವು ಅಂದ ಕೂಡಲೇ ಮಾವಿನ ಗಿಡಾ ಸಾಗವಾನಿ ಆಗೂದಿಲ್ರಿ" ಎಂದ. ಅವನ ಅಪ್ಪನಿಗೂ ನಮ್ಮ ಮನೆತನದ ಮೇಲೆ ಹೊಟ್ಟೆಕಿಚ್ಚಿತ್ತು.

ಪದಕದ ಅಚ್ಚು ಇಟ್ಟಿದ್ದೇನೆ. ನೋಡು, ಸುತ್ತ ಎಸಳು, ನಡುವೆ ಒಂದು ಹರಳಿನ ಗೂಡು. ಹರಳು ಉದುರಿದೆ; ವಜ್ರವೇ ಇದ್ದಿರಬೇಕು. ಗಾತ್ರ ಸ್ವಲ್ಪ ಚಿಕ್ಕದು. ಮಹಾರಾಜರು ಸಣಕಲು ಆಳಾಗಿದ್ದರು.

ಬಣ್ಣದ ಚೂರು ಪೊಟ್ಟಣದಲ್ಲಿದೆ. ಕೆರೆಯುವಾಗ ತಾರಾಬಾಯಿ ನೋಡಿ, "ಅಯ್ಯ, ಅದನ್ಯಾಕ ಕೆರೀತೀರಿ, ಅತ್ತಿ ಇದ್ದಿದ್ದರ ನಿಮ್ಮ ಕೈ ಮುರೀತಿದ್ಲು" ಎಂದಳು. ಯಾಕೆ ಎಂದರೆ, "ಯಾಕಂತ ನನಗೇನ ಗೊತ್ತು, ಮುರೀತಿದ್ಲು ಅನ್ನೂದು ಗೊತ್ತು" ಎಂದಳು.

ಸೊಸಿ ಎನ್ನುವುದು ಸುಲಭ. ಭಾರ ಹೊರುತ್ತಾಳೆ, ಎದುರು ಮಾತಾಡುವುದಿಲ್ಲ. ಇದನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದೆ. ಒಳಗಿನಿಂದ ನಿನ್ನ ಕಾಕು ಒಂದು ಸವಟು ಎಸೆದಳು. ಹಾಗಾಗಿ ಕಾರಣ ಬೇರೆಯೇ ಇರಬೇಕು.

ಫಲಕದ ಮಾತು ಸಾಹೇಬರ ಕಿವಿಗೆ ಹಾಕಿದ್ದೀಯಲ್ಲ?

ಆಬಾಸಾಹೇಬ

*

ಧಾರವಾಡ
2 ಫೆಬ್ರವರಿ 1988

ಪ್ರೀತಿಯ ಕಾಕಾ,

ಇದನ್ನು ಕೂತು ಓದಿ.

ಕೆಂಪು ಬಣ್ಣ ಅರಮನೆಯದಲ್ಲ. ಅದು ಅರಿಸಿನ, ಕುಂಕುಮ, ಎಣ್ಣೆ. ಒಂದರ ಮೇಲೊಂದು ಪದರ. ವರ್ಷ ವರ್ಷವೂ ಯಾರೋ ಹಚ್ಚಿದ್ದಾರೆ. ಬಿರುಕು ತೋಪಿನದಲ್ಲ. ನೀರಿನಲ್ಲಿದ್ದ ಮರ ಬಹಳ ದಿನ ಬಿಸಿಲಿಗೆ ಬಿದ್ದರೆ ಹಾಗೆ ಸೀಳುತ್ತದಂತೆ.

ಪದಕದ ಅಚ್ಚನ್ನು ಸಾಹೇಬರು ಮನೆಗೆ ಒಯ್ದು ಭೂತಗನ್ನಡಿ ಹಿಡಿದು ನೋಡುತ್ತ ಕೂತಿದ್ದರಂತೆ. ಅವರ ಮನೆಯವರು ಚಹಾ ತಂದಿಟ್ಟು, ಒಂದೇ ಸಲ ನೋಡಿ, "ಮೂಗುತಿ ಯಾರದ್ರಿ ಇದು?" ಎಂದರಂತೆ.

ಮೂಗುತಿ ಕಾಕಾ. ನಿಮ್ಮ ದೋಣಿ ಮೂಗುತಿ ಹಾಕಿಕೊಂಡಿದೆ.

ನಿಮಗೆ ಬೇಜಾರಾಗುತ್ತದೆ ಎಂದು ಗೊತ್ತು. ಆದರೆ ನನಗೆ ಇಲ್ಲಿಯವರೆಗೆ ಇಷ್ಟು ಖುಷಿ ಆಗಿರಲಿಲ್ಲ. ಮಹಾರಾಜರು ಕೂತ ದೋಣಿ ಎನ್ನುವವರು ಹೊಳೆಯ ಉದ್ದಕ್ಕೂ ಸಿಗುತ್ತಾರೆ. ದೋಣಿಗೆ ಮೂಗುತಿ ಇಟ್ಟವರು ಯಾರು? ಹಳಬರನ್ನು ಕೇಳಿ. ನಮ್ಮ ಕಡೆ ಯಾರೂ ಇಲ್ಲದಿದ್ದರೆ ಆಚೆ ದಂಡೆಯಲ್ಲಿ ಕೇಳಿ.

ಜಿನಮತಿ

*

ಧಾರವಾಡ
20 ಏಪ್ರಿಲ್ 1988

ಕಾಕಾ,

ಎರಡು ಕಾರ್ಡು ಬರೆದೆ, ಉತ್ತರವಿಲ್ಲ. ನಿಮಗೆ ಸಿಟ್ಟು ಬಂದಿದೆ. ಮಹಾರಾಜರನ್ನು ನಾನು ಹಾಗೆ ಒಮ್ಮೆಲೇ ಹೊಳೆಗೆ ನೂಕಬಾರದಿತ್ತು. ದೋಣಿ ಕೊಡುವ ಮನಸ್ಸಿಲ್ಲದಿದ್ದರೆ ಹೇಳಿಬಿಡಿ, ಸಾಹೇಬರಿಗೆ ನಾನೇ ತಿಳಿಸುತ್ತೇನೆ. ಆದರೆ ಅಡ್ಡೆಗೆ ಮಾತ್ರ ಹಾಕಬೇಡಿ.

ಜಿನಮತಿ

*

ಐನಾಪುರ
8 ಮೇ 1988

ಕಾಕಾನನ್ನು ಸಿಟ್ಟಿನ ಮನುಷ್ಯ ಎಂದು ತಿಳಿದ ಜಿನಮತಿಗೆ,

ಸಿಟ್ಟಲ್ಲ, ಕೆಲಸ. ಕಬ್ಬು ಕಡಿಸುವುದಿತ್ತು, ದ್ರಾಕ್ಷಿ ಇಳಿಸುವುದಿತ್ತು. ಅದೂ ಸುಳ್ಳು, ಅವು ಮುಗಿದು ತಿಂಗಳಾಯಿತು. ಮೂಗುತಿ ಎಂದು ಬರೆದೆಯಲ್ಲ, ಅಂದಿನಿಂದ ಕೊಟ್ಟಿಗೆಗೆ ಹೋದಾಗಲೆಲ್ಲ ಅದರ ಕಡೆ ಬೆನ್ನು ಮಾಡಿ ಹೊರಬರಲು ಸಂಕೋಚವಾಗತೊಡಗಿತು. ಯಾರೋ ಹೆಣ್ಣುಮಗಳು ಮುಖ ಕೆಳಗೆ ಮಾಡಿ ಕೂತಂತೆ.

ನಮ್ಮೂರಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಕಡೆಗೆ ತಾರಾಬಾಯಿಯೇ, "ಹೊಳಿ ಆಚೆ ಮಾವಿನಹಟ್ಟಿ ಚೌಗುಲೆಯವರ ಹೆಸರ ಎತ್ತಿದರ ಅತ್ತಿ ಕಣ್ಣಾಗ ನೀರ ತರತಿದ್ಲು. ಅಲ್ಲೊಮ್ಮೆ ಕೇಳಿ ಬರ್ರಿ" ಎಂದಳು. ರಾಯಬಾಗ ಕಡೆಯ ಬಸ್ಸು ಹಿಡಿದು, ಸೇತುವೆ ಸುತ್ತಿ, ನಮ್ಮ ದಂಡೆಯಿಂದ ಕೂಗಿದರೆ ಕೇಳುವ ಊರಿಗೆ ಅರ್ಧ ದಿನ ಪ್ರಯಾಣ ಮಾಡಿದೆ.

ಕಟ್ಟೆಯ ಮೇಲೆ ಒಬ್ಬ ಮುದುಕಿ ಶೇಂಗಾ ಸುಲಿಯುತ್ತಿದ್ದಳು. ಹೆಸರು ಅಕ್ಕುತಾಯಿ, ಆ ಮನೆಗೇ ಹಿರಿಯಳು.

"ಯಾರ ಪೈಕಿ?" ಎಂದಳು.

"ಐನಾಪುರದ ಮಗದುಮ್ಮರ ಪೈಕಿರಿ ಆಯಿ."

ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ನನ್ನ ಮುಖ ನೋಡಿ, "ನಮ್ಮ ಮಗಳು ಹೆಂಗದಾಳೋ?" ಎಂದಳು.

ನಿನ್ನ ಕಾಕುವಿನ ತವರು ಐಗಳಿ. ಮುದುಕಿಗೆ ಊರು ಅದಲುಬದಲಾಗಿದೆ ಎಂದುಕೊಂಡು, "ಆರಾಮ ಅದಾಳ್ರಿ. ಯಾವಾಗಲೂ ಕೊಟಗ್ಯಾಗ ಇರತಾಳ" ಎಂದೆ.

"ಕೊಟಗ್ಯಾಗ ಹಾಕೀರೇನ ಅಕಿನ್ನ?"

"ನಾವ ಹಾಕಿಲ್ರಿ, ತಾನ ಹೋಗಿ ಕುಂದರತಾಳ. ಎಮ್ಮಿ ಮ್ಯಾಲ ಭಾಳ ಜೀವ."

"ತಾನ ಹೋಗಾಕ ಅಕಿಗೇನ ಕಾಲ ಅದಾವೇನೋ ಖೋಡಿ? ನಾ ದೋಣಿ ಕೇಳಾಕತ್ತೀನಿ!"

ಜಿನಮತಿ, ಈಗ ಕೇಳು. ನನ್ನ ಮುತ್ತಜ್ಜಿ ಪದ್ಮವ್ವ ಆ ಚೌಗುಲೆಯವರ ಮಗಳು. ಐನಾಪುರಕ್ಕೆ ಕೊಡುವ ಮಾತು ಬಂದಾಗ ಅವಳ ಅಪ್ಪ, "ನಡುವ ಹೊಳಿ ಐತಿ. ನೆನಪಾದಾಗ ನನ್ನ ಮಗಳು ಹೆಂಗ ಬರಬೇಕು?" ಎಂದು ಅಂಗಳದ ದೊಡ್ಡ ಮಾವು ಕಡಿಸಿ ದೋಣಿ ಮಾಡಿಸಿದ. ಮದುವೆಯ ದಿನ ಇಬ್ಬರಿಗೂ ಉಡಿ ತುಂಬಿದರು, ಇಬ್ಬರಿಗೂ ಮೂಗುತಿ ಇಟ್ಟರು. ಮಗಳೊಬ್ಬಳು, ದೋಣಿಯೊಬ್ಬಳು, ಹೀಗೆ ಇಬ್ಬರನ್ನು ಕೊಟ್ಟಂತೆ. ಅದಕ್ಕೇ ನಮ್ಮ ಮನೆಯಲ್ಲಿ ಆಕೆ ಸೊಸಿ. ಪ್ರತಿ ಪಂಚಮಿಗೆ ಪದ್ಮವ್ವ ಅದರಲ್ಲಿ ಕೂತು ತವರಿಗೆ ಬರುತ್ತಿದ್ದಳು. ಆಕೆ ತೀರಿದ ಮೇಲೂ ನಮ್ಮವರು ದೋಣಿಯೊಂದನ್ನೇ ಪಂಚಮಿಗೆ ಕಳಿಸುತ್ತಿದ್ದರು. ಚೌಗುಲೆಯವರು ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಖಣ ಉಡಿಸಿ, ಬುತ್ತಿ ಕಟ್ಟಿ ತಿರುಗಿ ಕಳಿಸುತ್ತಿದ್ದರು.

ಅಕ್ಕುತಾಯಿ ಸೊಸೆಯಾಗಿ ಬಂದ ಮೊದಲ ಶ್ರಾವಣದಲ್ಲಿ ಅತ್ತೆ ಆಕೆಯ ಕೈಗೆ ಆರತಿ ಕೊಟ್ಟು, "ಹೊಳಿಗೆ ಹೋಗು, ಐನಾಪುರದಿಂದ ಮಗಳು ಬರತಾಳ, ಇಳಿಸಿಕೊಂಡ ಬಾ" ಎಂದಳಂತೆ. "ಖಾಲಿ ದೋಣಿ ಬಂತಪಾ. ಅಂಬಿಗಗ ಕೇಳಿದ್ನಿ, 'ಮಗಳು ಎಲ್ಲೆದಾಳೋ? ಹೊಳ್ಯಾಗ ಬಿದ್ದಳೇನೋ?' ಅಂತ ಚೀರಿದ್ನಿ. ಇಡೀ ದಂಡಿ ನಕ್ಕತು," ಎಂದು ಈಗಲೂ ನಕ್ಕಳು.

ಆಮೇಲೆ ನಗು ನಿಂತಿತು. "ಒಂದ ವರ್ಷ ಬರಲಿಲ್ಲ. ಹೊತ್ತ ಮುಳಗೂತನಕಾ ಆರತಿ ತಟ್ಟಿ ಹಿಡಕೊಂಡ ನಿಂತ್ವಿ. ಮರು ವರ್ಷನೂ ನಿಂತ್ವಿ. ನಮ್ಮ ಮಾವನವರಂದ್ರು, 'ಅವರಿಗೆ ನಾವು ಬ್ಯಾಡಾಗೇವಿ.'"

ಮನೆಗೆ ಬಂದು ತಾರಾಬಾಯಿಗೆ ಹೇಳಿದೆ. ಉಳಿದರ್ಧ ಅವಳ ಬಳಿಯಿತ್ತು, ಅತ್ತೆಯಿಂದ ಕೇಳಿದ್ದು. ಅವಳಿಗೂ ಅದು ಅರ್ಧ ಎಂದು ಗೊತ್ತಿರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ಒಂದು ಬೇಸಿಗೆ ದೋಣಿಯನ್ನು ಬಿಸಿಲಿಗೆ ಬಿಟ್ಟಿದ್ದರಿಂದ ಅದು ಸೀಳಿತಂತೆ. ನಮ್ಮ ಅಪ್ಪ, "ಬಿರಕ ಬಿಟ್ಟ ಮಗಳನ್ನ ತವರಿಗೆ ಕಳಸಿದರ ಮಗದುಮ್ಮರು ಹೆಂಗ ನಡಸಿಕೊಂಡಾರ ಅಂತಾರ? ಮುಂದಿನ ವರ್ಷ ಛಲೋ ಮಾಡಿ ಕಳಸೂಣು" ಎಂದನಂತೆ. ಮುಂದಿನ ವರ್ಷ ಹೋಗದಿದ್ದುದಕ್ಕೆ ನಾಚಿಕೆ. ಅದರ ಮುಂದಿನ ವರ್ಷ ಆ ನಾಚಿಕೆಗೆ ನಾಚಿಕೆ. ಆಮೇಲೆ ಕೊಟ್ಟಿಗೆ. ಅವರು ನಮ್ಮನ್ನು ಸೊಕ್ಕಿನವರು ಎಂದುಕೊಂಡರು, ನಾವು ಅವರನ್ನು ಮರೆತವರು ಎಂದುಕೊಂಡೆವು.

ಹೀಗಾಗಿ ಮುತ್ತಜ್ಜ ಮಾಡಿಸಿದ್ದಲ್ಲ, ಮಹಾರಾಜರೂ ಕೂತಿಲ್ಲ. ದೋಣಿ ನಮ್ಮದೇ ಅಲ್ಲ. ನಮ್ಮದು ಬರೀ ಗಂಡನ ಮನೆ. ಫಲಕದ ಆಸೆಯನ್ನು ಕೃಷ್ಣೆಗೆ ಬಿಟ್ಟಿದ್ದೇನೆ.

ಹೊರಡುವಾಗ ಮುದುಕಿ ನನ್ನನ್ನು ಒಂದು ಮಾತು ಕೇಳಿದಳು. ಅದು ನಿನ್ನ ಸಂಗ್ರಹಾಲಯಕ್ಕೆ ಬೇಕಾದದ್ದಲ್ಲ.

ಆಬಾಸಾಹೇಬ

*

ಧಾರವಾಡ
25 ಮೇ 1988

ಕಾಕಾ, ಕಾಕಾ, ಕಾಕಾ,

ಸಾಹೇಬರಿಗೆ ಪತ್ರ ಓದಿ ಹೇಳಿದೆ. ಅವರು ಹೊಳೆಯ ಕೋಣೆಯ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಆಮೇಲೆ, "ಕೋಣೆಯ ನಡುವಿನ ಕಟ್ಟೆ ಆ ದೋಣಿಗೇ ಇರಲಿ" ಎಂದರು. ಆಗಸ್ಟ್ ಇಪ್ಪತ್ತಕ್ಕೆ ಲಾರಿ ಬರುತ್ತದೆ. ತಿಂಗಳ ಕೊನೆಗೆ ಕೋಣೆ ತೆರೆಯುತ್ತದೆ.

ಫಲಕ ಬರೆದಿದ್ದೇನೆ: 'ಮಾವಿನಹಟ್ಟಿಯ ಚೌಗುಲೆ ಮನೆತನದವರು ಮಗಳ ಮದುವೆಯಲ್ಲಿ ಮಾಡಿಸಿಕೊಟ್ಟ ದೋಣಿ. ತವರು: ಮಾವಿನಹಟ್ಟಿ. ಗಂಡನ ಮನೆ: ಐನಾಪುರ.' ನಿಮ್ಮ ಹೆಸರು ಹಾಕಲು ಜಾಗ ಹುಡುಕಿದೆ. ಸಾಹೇಬರು ಒಪ್ಪಲಿಲ್ಲ.

ಒಂದು ಮುಖ್ಯ ಮಾತು. ಬಿರುಕಿಗೆ ದಯವಿಟ್ಟು ಕೈ ಹಚ್ಚಬೇಡಿ. ಹೇಗಿದೆಯೋ ಹಾಗೆಯೇ ಬರಬೇಕು. ರಿಪೇರಿ ಮಾಡಿದ ದೋಣಿಯನ್ನು ಸಾಹೇಬರು ಬಾಗಿಲಿನಿಂದಲೇ ತಿರುಗಿ ಕಳಿಸುತ್ತಾರೆ.

ಅಕ್ಕುತಾಯಿ ಏನು ಕೇಳಿದಳು? ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಈ ಸಲದ ಪಂಚಮಿಗೂ ನನ್ನನ್ನು ಕಾಯಬೇಡಿ. ಕೋಣೆಯ ಕೆಲಸವಿದೆ, ರಜೆ ಸಿಗುವುದಿಲ್ಲ.

ಜಿನಮತಿ

*

ಐನಾಪುರ
14 ಜುಲೈ 1988

ಜಿನಮತಿಗೆ,

ಎಲ್ಲ ಕ್ಷೇಮ. ಮಳೆ ಚೆನ್ನಾಗಿದೆ. ಎಮ್ಮೆ ಇನ್ನೂ ಈದಿಲ್ಲ. ಲಾರಿಗೆ ಅವಸರ ಮಾಡಬೇಡ. ಬಿರುಕಿಗೆ ನಾನು ಕೈ ಹಚ್ಚಿಲ್ಲ. ಈ ಪತ್ರಕ್ಕೆ ರಾಳದ ವಾಸನೆ ಬಂದರೆ ಅದು ಎಮ್ಮೆಯ ಔಷಧದ್ದು.

ಆಬಾಸಾಹೇಬ

*

ಧಾರವಾಡ
9 ಆಗಸ್ಟ್ 1988

ಕಾಕಾ,

ಎಮ್ಮೆಗೆ ಯಾರೂ ರಾಳ ಕುಡಿಸುವುದಿಲ್ಲ.

ನೀವು ಇಷ್ಟು ಚಿಕ್ಕ ಪತ್ರ ಬರೆದದ್ದನ್ನು ನಾನು ಎಂದೂ ನೋಡಿಲ್ಲ. ದೋಣಿಗೆ ಏನೋ ಆಗಿದೆ. ಕಾಕು ಅಡ್ಡೆಗೆ ಕಳಿಸಿದರೇ? ಹಾಗಿದ್ದರೆ ನಿಜ ಹೇಳಿಬಿಡಿ. ಊರ ತುಂಬ ಆಮಂತ್ರಣ ಹೋಗಿದೆ. ಕಟ್ಟೆ ಖಾಲಿ ಇದ್ದರೆ ಮೊದಲ ಕೆಲಸದಲ್ಲೇ ನನ್ನ ಹೆಸರು ಹೋಗುತ್ತದೆ; ಮತ್ತೊಂದು ಕೋಣೆಯನ್ನು ಸಾಹೇಬರು ನನ್ನ ಕೈಗೆ ಕೊಡುವುದಿಲ್ಲ. ಲಾರಿ ಇಪ್ಪತ್ತಕ್ಕೆ ಹೊರಟೇ ಹೊರಡುತ್ತದೆ.

ಜಿನಮತಿ

*

ಐನಾಪುರ
22 ಆಗಸ್ಟ್ 1988

ಈ ಹೊತ್ತಿಗೆ ಗಿಣ್ಣ ತಿಂದು ಮುಗಿಸಿರುವ ಜಿನಮತಿಗೆ,

ನಿಮ್ಮ ಲಾರಿಯವನು ಕೊಟ್ಟಿಗೆಯ ಬಾಗಿಲು ತೆರೆದಾಗ ದೋಣಿ ಇದ್ದ ಜಾಗದಲ್ಲಿ ಎಮ್ಮೆ ನಿಂತಿತ್ತು, ಪಕ್ಕದಲ್ಲಿ ಹಿಂದಿನ ದಿನ ಹುಟ್ಟಿದ ಕರು. "ಇದನ್ನ ಹೆಂಗ್ರಿ ಏರಿಸೂದು?" ಎಂದು ಕೇಳಿದ. ಬರಿಗೈಯಲ್ಲಿ ಕಳಿಸಬಾರದೆಂದು ತಾರಾಬಾಯಿ ಡಬ್ಬಿ ತುಂಬ ಗಿಣ್ಣ ಮಾಡಿ ಕೊಟ್ಟಳು. ನಿನ್ನ ಸಾಹೇಬರು ದೋಣಿಗೆ ಕಾದು ಗಿಣ್ಣ ಇಳಿಸಿಕೊಂಡಿರುತ್ತಾರೆ. ಸಿಟ್ಟು ಮಾಡುವುದರೊಳಗೆ ಇದನ್ನು ಓದು.

ಅಕ್ಕುತಾಯಿ ಅಂದು ಕೇಳಿದ್ದು ಇಷ್ಟೇ: "ನಾ ಇರೂದರಾಗ ಒಂದ ಪಂಚಮಿಗೆ ಅಕಿನ್ನ ಕಳಸತೀ ಏನೋ?" ಮೇ ತಿಂಗಳಲ್ಲೇ ಹೂಂ ಅಂದು ಬಂದಿದ್ದೆ. ನಿನಗೆ ಹೇಳಿದ್ದರೆ ಬೇಡ ಎನ್ನುತ್ತಿದ್ದೆ, ನೀನು ಬೇಡ ಎಂದರೆ ಆ ಮುದುಕಿಗೂ ನಿನಗೂ ನಡುವೆ ನಾನು ಸಿಕ್ಕಿಕೊಳ್ಳುತ್ತಿದ್ದೆ. ಅದಕ್ಕೆ ಎಮ್ಮೆಯನ್ನು ಅಡ್ಡ ನಿಲ್ಲಿಸಿದೆ. ಬಿರುಕಿಗೆ ಕೈ ಹಚ್ಚಿಲ್ಲ ಎಂದಿದ್ದು ನಿಜ. ಹತ್ತಿ, ರಾಳ, ಎಣ್ಣೆ ಕಲಸಿ ತುಂಬಿದವನು ಬಡಿಗೇರ. ನಾನು ಬರೀ ಬಾಯಿಂದ ಹೇಳುತ್ತಿದ್ದೆ.

ಪಂಚಮಿಯ ಮುಂಜಾನೆ ಇಬ್ಬರು ಅಂಬಿಗರು ಬಂದರು, ಪಕ್ಕಕ್ಕೆ ಇನ್ನೊಂದು ದೋಣಿಯೂ ಇತ್ತು. ನಾನು ಮೂತಿಯಲ್ಲಿ ಎದೆ ಉಬ್ಬಿಸಿ ಕೂತೆ. ಅಷ್ಟರಲ್ಲಿ ತಾರಾಬಾಯಿ ಹೊಸ ಇಳಕಲ್ ಸೀರೆ ಉಟ್ಟು ಬಂದು ಒಳಗೆ ಕಾಲಿಟ್ಟಳು. "ನೀ ಎಲ್ಲಿಗೆ?" ಎಂದೆ.

"ಮನಿ ಸೊಸಿನ್ನ ತವರಿಗೆ ಬಿಡೂದು ಗಂಡಸರ ಕೆಲಸ ಏನ್ರಿ? ಸರೀರಿ ಅತ್ತಾಗ."

ಇಷ್ಟು ವರ್ಷ ಕಟ್ಟಿಗೆ ಎನ್ನುತ್ತಿದ್ದವಳು.

ನಡುಹೊಳೆಗೆ ಬಂದಾಗ ಬುಡದಲ್ಲಿ ತಣ್ಣಗೆ ಏನೋ ಹತ್ತಿತು. ನೀರು. ಬಡಿಗೇರನ ರಾಳ ಒಂದು ಕಡೆ ಬಿಟ್ಟಿತ್ತು. ಎಲ್ಲರ ಮುಂದೆ ಹೆದರಬಾರದೆಂದು ನಾನು ಗಟ್ಟಿಯಾಗಿ, "ಏನೂ ಆಗೂದಿಲ್ಲ, ಇದು ಮಹಾರಾಜರನ್ನ ದಾಟಿಸಿದ ದೋಣಿ" ಎಂದೆ. ತಾರಾಬಾಯಿ ಉಡಿಯ ತಾಮ್ರದ ಚರಿಗೆ ತೆಗೆದು ನನ್ನ ಕೈಗಿಟ್ಟು, "ಹಂಗಾರ ಮಹಾರಾಜರ ಹೆಸರ ತಗೊಂಡ ನೀರ ಗೋರರಿ" ಎಂದಳು. ಗೋರಿದೆ. ಆಚೆ ದಂಡೆ ಮುಟ್ಟುವವರೆಗೂ ತಲೆ ಎತ್ತಲಿಲ್ಲ. ಹೀಗಾಗಿ ಎದೆ ಉಬ್ಬಿಸಿಕೊಂಡು ಇಳಿಯಬೇಕೆಂದಿದ್ದವನು ಸೊಂಟ ಹಿಡಿದುಕೊಂಡು ಇಳಿದೆ.

ಇಡೀ ಮಾವಿನಹಟ್ಟಿ ದಂಡೆಯಲ್ಲಿತ್ತು. ಅಕ್ಕುತಾಯಿಯನ್ನು ಮಗ ಭಾವುಸಾಹೇಬ ಕೈ ಹಿಡಿದು ತಂದಿದ್ದ. ಆಕೆ ನಮ್ಮನ್ನು ನೋಡಲೇ ಇಲ್ಲ. ದೋಣಿಗೆ ಆರತಿ ಎತ್ತಿ, ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಮೂಗುತಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕೈಯನ್ನು ಸವರುತ್ತ ಒಯ್ದು ಬಿರುಕಿನ ಮೇಲೆ ನಿಲ್ಲಿಸಿದಳು.

"ಇದ ಏನು?"

ನಾನು ಎಲ್ಲ ಹೇಳಿದೆ. ಅಪ್ಪ ನಾಚಿಕೊಂಡದ್ದು, ಮುಂದಿನ ವರ್ಷ ಎಂದದ್ದು.

"ಇದಕ್ಕೇನು? ಇಷ್ಟಕ್ಕೇನು?" ಎಂದಳು ಮುದುಕಿ. "ಸೀಳಿದ್ದರ ಸೀಳಿದ ಮಗಳು ಅಂತ ಬರತಿದ್ಲು. ತವರಾಗ ಏನ ಅಕಿನ್ನ ಹಿಂದ ಮುಂದ ತಿರಿವಿ ನೋಡಿ ಒಳಗ ಕರಕೋತಿದ್ವೇನು?"

ತಾರಾಬಾಯಿ ಅತ್ತಳು. ನಾನು ಹೊಳೆಯ ಕಡೆ ನೋಡಿದೆ, ಬಿಸಿಲು ಬಹಳ ಇತ್ತು.

ಕಡಬು, ಉಂಡಿ, ಅಳ್ಳು, ಮಕ್ಕಳು ದೋಣಿಯೊಳಗೆ ಕೂತು ಹಾಡಿದ್ದು, ಅದೆಲ್ಲ ಎದುರಿಗೆ ಹೇಳುತ್ತೇನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಹೊರಡಲು ಎದ್ದಾಗ, ಮೂರು ದಿನದ ಮೇಲೆ ಲಾರಿ ಬರುವ ಮಾತು ಎತ್ತಿದೆ. ಅಕ್ಕುತಾಯಿ ಉರಿದುಬಿದ್ದಳು. "ಪಂಚಮಿಗೆ ಬಂದ ಮಗಳನ್ನ ಲಾರ್‍ಯಾಗ ಹಾಕ್ತಾರೇನೋ? ಅಕಿ ಯಾವ ಊರಿಗೆ ಹೊಂಟಾಳ?"

"ಧಾರವಾಡಕ್ರಿ. ಅಲ್ಲೊಂದು ದೊಡ್ಡ ಕಚೇರಿ ಐತಿ. ಬಂದವರೆಲ್ಲ ಈಕಿನ್ನ ನೋಡಿ ಹೋಗ್ತಾರ."

"ನೌಕರಿ ಅನ್ನು. ಹೆಣ್ಮಕ್ಕಳು ಮಾಡಾಕತ್ತಾರಲ್ಲ ಈಗ, ಮಾಡಲಿ. ಆದರ ಪಂಚಮಿಗೆ ರಜಾ ಕೊಡತಾರೇನು?"

"ಏನ ಕೊಡತಾರೋ ಆಯಿ. ನಮ್ಮ ಅಣ್ಣನ ಮಗಳು ಅದ ಕಚೇರ್‍ಯಾಗ ಅದಾಳ. ಭಾಳ ವರ್ಷ ಆತು, ಪಂಚಮಿಗೆ ಬಂದಿಲ್ಲ. ರಜಾ ಇಲ್ಲ ಅಂತ ಬರೀತಾಳ."

ಮುದುಕಿ ಉಂಡಿ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. "ರಜಾ ಇಲ್ಲೋ," ಎಂದಳು, "ಅಕಿಗೂ ಬಿರಕ ಬಿಟ್ಟೈತೋ?"

ಜಿನಮತಿ, ನನಗೆ ಸುಳ್ಳು ಹೇಳಲು ತೋಚದೇ ಹೋದದ್ದು ಅದೊಂದೇ ಸಲ.

ದೋಣಿ ಅಲ್ಲೇ ಇದೆ. ತಪ್ಪಿದ ಪಂಚಮಿಗಳ ಬದಲು ಅಷ್ಟು ದಿನ ಇಟ್ಟುಕೊಳ್ಳುತ್ತಾರಂತೆ. ಆಮೇಲೆ ಧಾರವಾಡಕ್ಕೆ ಕಳಿಸುವುದಕ್ಕೆ ಎರಡು ಷರತ್ತು. ವರ್ಷವೂ ಪಂಚಮಿಗೆ ತವರಿಗೆ ಬಿಡಬೇಕು. ಮತ್ತೆ, ಈಗ ಅವಳನ್ನು ಒಯ್ಯಲು ಆ ನೌಕರಿ ಮಾಡುವ ಹುಡುಗಿಯೇ ಬರಬೇಕು. ಎರಡನೆಯದನ್ನು ನಾನು ಹಾಕಿದ್ದಲ್ಲ. ನಾನು ಬರೀ ಬಾಯಿಂದ ಹೇಳುತ್ತಿದ್ದೆ.

ಆಬಾಸಾಹೇಬ

*

ಧಾರವಾಡ
2 ಸೆಪ್ಟೆಂಬರ್ 1988

ಪ್ರೀತಿಯ ಕಾಕಾ,

ಸಾಹೇಬರ ಸಿಟ್ಟು ಎರಡು ಬಟ್ಟಲು ಗಿಣ್ಣದವರೆಗೆ ಇತ್ತು. ಆಮೇಲೆ ನಿಮ್ಮ ಪತ್ರ ಓದಿಸಿದೆ. "ರಾಳ ಹಾಕಿದರಲ್ಲ!" ಎಂದು ತಲೆ ಹಿಡಿದುಕೊಂಡರು. "ಇತಿಹಾಸ ಇನ್ನೂ ಮುಗಿದಿಲ್ಲ ಸರ್, ಈ ರಾಳವೂ ಅದರದೇ" ಎಂದೆ. ಎಲ್ಲಿಂದ ಬಂತೋ ಅಷ್ಟು ಧೈರ್ಯ. ಅವರು ಮೂರನೆಯ ಬಟ್ಟಲು ಕೇಳಿದರು. ಕೋಣೆ ತೆರೆಯುವುದು ದಸರೆಗೆ ಹೋಗಿದೆ.

ಷರತ್ತು ಬರೆದುಕೊಟ್ಟಿದ್ದಾರೆ. ಪಂಚಮಿಗೆ ದೋಣಿಗೆ ರಜೆ. ಅಷ್ಟು ದಿನ ಖಾಲಿ ಕಟ್ಟೆಯ ಮುಂದೆ ಏನಿಡುವುದು ಎಂದು ಕೇಳಿದರು. ನಾನು ಒಂದು ಫಲಕ ಬರೆಸಿದ್ದೇನೆ. ಅದು ಮುಂದಿನ ವರ್ಷ ನೀವು ಕರೆಯಲು ಬಂದಾಗ ಕಾಣುತ್ತದೆ, ಈಗ ಹೇಳುವುದಿಲ್ಲ. ನನಗೂ ಕೆಲವು ಗುಟ್ಟು ಇರಲಿ.

ಪಂಚಮಿಗೆ ರಜೆ ಸಿಗುವುದಿಲ್ಲ ಎಂದು ಬರೆಯುತ್ತಿದ್ದೆನಲ್ಲ ಕಾಕಾ, ಇಂದು ಸಾಹೇಬರು ಕೇಳಿದರು: "ನೀವು ಯಾವಾಗ ಕೇಳಿದ್ದಿರಿ, ನಾನು ಯಾವಾಗ ಇಲ್ಲ ಅಂದೆ?"

ಬರುವ ಭಾನುವಾರದ ಬಸ್ಸಿಗೆ ಬರುತ್ತೇನೆ. ಮೊದಲು ಐನಾಪುರಕ್ಕೆ, ಆಮೇಲೆ ಮಾವಿನಹಟ್ಟಿಗೆ. ಊರವರು ನಿಪ್ಪಾಣಿಯ ಮಾತು ತೆಗೆದರೆ ತೆಗೆಯಲಿ. ಗಿಣ್ಣದ ದಿನ ಮುಗಿದಿರುತ್ತದೆ, ಕೆನೆಮೊಸರಾದರೂ ಉಳಿಸಿರಲು ಕಾಕುಗೆ ಹೇಳಿ.

ನಿಮ್ಮ
ಜಿನಮತಿ

*

ಐನಾಪುರ
14 ಆಗಸ್ಟ್ 1989

ಪಂಚಮಿ ಮುಗಿಸಿ ಕೆಲಸಕ್ಕೆ ಮರಳಿದ ಜಿನಮತಿಗೆ,

ಜೋಕಾಲಿಯ ಹಗ್ಗ ಇನ್ನೂ ಬಿಚ್ಚಿಲ್ಲ. ಬಿಚ್ಚಲು ಹೋದರೆ ತಾರಾಬಾಯಿ, "ಇರಲಿ ಬಿಡ್ರಿ, ಈಗರೆ ಹೋಗ್ಯಾಳ" ಎನ್ನುತ್ತಾಳೆ. ನೀನು ಸುಟ್ಟ ಕಡಬನ್ನು ಎಮ್ಮೆಯೂ ತಿನ್ನಲಿಲ್ಲ.

ಪಂಚಮಿಗೆ ಕರೆಯಲು ಬಂದಾಗ, ಧಾರವಾಡದಲ್ಲಿ ದೋಣಿಯನ್ನು ಲಾರಿಗೆ ಏರಿಸುವಾಗ ನೀನು ಗಡಿಬಿಡಿಯಲ್ಲಿದ್ದೆ, ಆದ್ದರಿಂದ ಹೇಳಲಿಲ್ಲ. ನಾನು ಕೋಣೆಯ ಬಾಗಿಲಲ್ಲಿ ನಿಂತು, ಚಷ್ಮಾ ತೆಗೆದು ಜೇಬಿಗೆ ಹಾಕಿ, ಖಾಲಿ ಕಟ್ಟೆಯ ಮುಂದಿನ ಫಲಕ ಓದಿದೆ. 'ಪಂಚಮಿಗೆ ತವರಿಗೆ ಹೋಗಿದ್ದಾಳೆ. ಕರೆದೊಯ್ದವರು: ಐನಾಪುರದ ಆಬಾಸಾಹೇಬ ಮಗದುಮ್.' ಆಮೇಲೆ ಅಂಗಳಕ್ಕೆ ಹೋಗಿ ಓದಿದೆ. ಗೇಟಿನಿಂದ ಓದಲು ಬರಲಿಲ್ಲ. ಮುಂದಿನ ವರ್ಷ ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡಿಸು. ಕಾವಲುಗಾರನಿಗೆ, "ಅದರಾಗ ಇರೂ ಮನಷ್ಯಾ ನಾನ" ಎಂದೆ. "ಬರೀ ನೀವ ಅದೀರಿ, ದೋಣಿ ಎಲ್ಲೈತ್ರಿ?" ಎಂದ. ಅಂಥವರನ್ನು ಕಾವಲಿಗೆ ಇಡಬೇಡಿ.

ನಿನ್ನ ಸಾಹೇಬರ ಪತ್ರ ಬಂದಿದೆ. ದೋಣಿಯ ರಜೆ ಮುಗಿಯಿತು, ಬೇಗ ಕಳಿಸಿ ಎಂದು ಬರೆದಿದ್ದಾರೆ. ಅದನ್ನು ತೆಗೆದುಕೊಂಡು ನಾನೇ ಮಾವಿನಹಟ್ಟಿಗೆ ಹೋಗಿದ್ದೆ. ಅಕ್ಕುತಾಯಿ ಕಳಿಸಲು ತಯಾರಿದ್ದಳು, ಬುತ್ತಿಯೂ ಕಟ್ಟಿದ್ದಳು. "ಅವಸರ ಏನೈತ್ರಿ ಆಯಿ, ಇರಲಿ ಇನ್ನಷ್ಟು ದಿನ" ಎಂದು ಹೇಳಿ, ಬುತ್ತಿ ನಾನು ತಿಂದು ಬಂದಿದ್ದೇನೆ.

ಅವಳು ಅಲ್ಲಿರುವಷ್ಟು ದಿನ ನಿಮ್ಮ ಕೋಣೆಯ ಫಲಕ ಇಳಿಸುವ ಹಾಗಿಲ್ಲವಲ್ಲ.

ನಿನ್ನ ಕಾಕಾ,
ಆಬಾಸಾಹೇಬ ಮಗದುಮ್